ಗಾಜಿನ ಮಾಡು ತೆಗೆಸಿದ ವರ್ಷ

ಹಿತ್ತಲಿನ ಗಾಜಿನ ಕೋಣೆಗೆ ಹೊಸ ಮಾಡು ಹಾಕಿಸಿದ್ದು ಮಾವನಿಗೋಸ್ಕರ ಎಂದು ನಾನು ನಮ್ಮೂರು ಚೆಸ್ಟರ್‌ಫೀಲ್ಡ್ ತುಂಬ ಹೇಳಿಕೊಂಡು ಬಂದೆ. ನಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಹೇಳಿದೆ, ಕೂದಲು ಕತ್ತರಿಸುವವಳ ಹತ್ತಿರ ಹೇಳಿದೆ, ಅಕ್ಕ ಜಾನಿಸ್‌ಗೆ ಫೋನಿನಲ್ಲಿ ಮೂರು ಸಲ ಹೇಳಿದೆ. ಹೇಳಿ ಹೇಳಿ ಕೊನೆಗೆ ನನಗೇ ನಂಬಿಕೆ ಬಂದುಬಿಟ್ಟಿತ್ತು.

ಆ ಕೋಣೆ ನಾವು ಮನೆ ಕೊಂಡಾಗಲೇ ಇತ್ತು. ಬಿಳಿ ಚೌಕಟ್ಟು, ಮೂರು ಕಡೆ ಗಾಜು, ತಲೆಯ ಮೇಲಿನ ಮಾಡೂ ಗಾಜಿನದೇ. ಜುಲೈನಲ್ಲಿ ಅಲ್ಲಿ ಇಟ್ಟ ಬೆಣ್ಣೆ ತಟ್ಟೆಯಿಂದ ಇಳಿದು ಹರಿಯುತ್ತಿತ್ತು, ಜನವರಿಯಲ್ಲಿ ಕೋಟು ಹಾಕಿಕೊಂಡೇ ಒಳಗೆ ಹೋಗಬೇಕು. ಮಳೆ ಬಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದು. ವರ್ಷವಿಡೀ ಅಲ್ಲಿ ಕೂರುತ್ತಿದ್ದವರು ಒಬ್ಬರೇ, ನನ್ನ ಮಾವ ವಿಲ್ಫ್. ಎಂಬತ್ತಮೂರು ವರ್ಷ. ಅತ್ತೆ ತೀರಿಕೊಂಡ ಮೇಲೆ ನಮ್ಮ ಜತೆ ಇರಲು ಬಂದವರು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದ ಮನುಷ್ಯ, ಪೇಪರು ಕೈಗೆ ಸಿಕ್ಕರೆ ತಪ್ಪು ಹುಡುಕದೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬೆತ್ತದ ಕುರ್ಚಿ, ಮಂಡಿಯ ಮೇಲೆ ಕಂಬಳಿ, ಕೈಯಲ್ಲಿ ಕೆಂಪು ಪೆನ್ಸಿಲ್. ಸಂಜೆ ಊಟಕ್ಕೆ ಕೂತಾಗ ಅಂದಿನ ಬೇಟೆಯನ್ನು ನಮಗೆ ಓದಿ ಹೇಳಬೇಕು.

"ಕೇಳಿ ಇಲ್ಲಿ. ಮೊದಲನೇ ಸಾಲಲ್ಲಿ ಮೇಯರು ಸಭೆಗೆ ಬಂದಿದ್ರು. ನಾಲ್ಕನೇ ಸಾಲಲ್ಲಿ ಬರ್ಲೇ ಇಲ್ಲ. ಇದಕ್ಕೆ ಸಂಬಳ ತಗೋತಾರೆ ಇವರು!"

"ನಮ್ಮ ಮೇಯರಲ್ವಾ ಅಜ್ಜ, ಎರಡೂ ಆಗಿರಬಹುದು," ಅನ್ನುತ್ತಿದ್ದಳು ನನ್ನ ಮಗಳು ಬೆತ್. ಅವಳಿಗೆ ಆಗ ಹದಿನೇಳು.

"ನೀನು ಸುಮ್ನೆ ಬಟಾಣಿ ತಿನ್ನೇ."

ಅವರ ನೋಟದ ನಡುಭಾಗ ಮಸುಕಾಗತೊಡಗಿ ಆಗಲೇ ಒಂದು ವರ್ಷವಾಗಿತ್ತು. ಕಣ್ಣಿನ ಡಾಕ್ಟರು ಅದಕ್ಕೆ ಮದ್ದಿಲ್ಲ, ಓದುವುದಿದ್ದರೆ ಚೆನ್ನಾದ ಹಗಲು ಬೆಳಕಲ್ಲಿ ಓದಿ, ಬೆಳಕು ಮೇಲಿನಿಂದ ಬಿದ್ದರೆ ಇನ್ನೂ ಒಳ್ಳೆಯದು ಎಂದು ಬರೆದು ಕೊಟ್ಟಿದ್ದರಂತೆ. ಮಾವ ಆ ಚೀಟಿಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು, ಮನೆಗೆ ಬಂದು "ಎಲ್ಲಾ ಸರಿಯಾಗಿದೆ" ಅಂದರು. ಇದು ನಮಗೆ ಗೊತ್ತಾದದ್ದು ಆಮೇಲೆ. ನಮ್ಮ ಜನ ಕಾಲು ಮುರಿದುಕೊಂಡು ಬಿದ್ದಿದ್ದರೂ "ನನ್ನದೇನಿಲ್ಲ, ನೀವು ಮೊದ್ಲು ಟೀ ಮುಗಿಸಿ" ಅನ್ನುವವರು. ನಮ್ಮ ಹಿತ್ತಲು ಉತ್ತರಕ್ಕಿದೆ, ಪಕ್ಕದ ಮನೆಯ ಬೇಲಿಗಿಡ ಎರಡಾಳು ಎತ್ತರ ಬೆಳೆದಿದೆ, ಹಾಗಾಗಿ ಸುತ್ತಲ ಗಾಜಿನಿಂದ ಬರುವ ಬೆಳಕು ಅಷ್ಟಕ್ಕಷ್ಟೆ. ಮಾವ ಓದುತ್ತಿದ್ದದ್ದು ತಲೆಯ ಮೇಲಿನ ಗಾಜಿನ ಪುಣ್ಯದಿಂದ.

ನನಗೆ ಬೇಕಾಗಿದ್ದದ್ದು ಬೇರೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಪ್ರತಿ ಕ್ರಿಸ್‌ಮಸ್ ಊಟವೂ ಅಕ್ಕನ ಮನೆಯಲ್ಲೇ ಆಗಿತ್ತು. "ನಿಮ್ಮನೇಲಿ ಜಾಗ ಎಲ್ಲಿದೆ ಪಾಪ" ಎಂದು ಅವಳು ಪ್ರತಿ ನವೆಂಬರಿನಲ್ಲೂ ಅನ್ನುತ್ತಿದ್ದಳು. ಆ "ಪಾಪ" ಅನ್ನುವ ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಗಾಜಿನ ಕೋಣೆಗೆ ಗಟ್ಟಿ ಮಾಡು ಬಂದು ಅದು ಬೆಚ್ಚಗಾದರೆ ಹನ್ನೊಂದು ಜನ ಕೂರುವ ಮೇಜು ಹಾಕಬಹುದು, ಒಂದು ಸಲವಾದರೂ ಅವಳನ್ನು ಕೂರಿಸಿ ನಾನು ಬಡಿಸಬಹುದು. ಇಷ್ಟೇ ನನ್ನ ಆಸೆ.

ಜೂನ್ ತಿಂಗಳ ಒಂದು ಭಾನುವಾರ ಮಾತು ತೆಗೆದೆ. ಹುರಿದ ಕೋಳಿ ಬಡಿಸುತ್ತಿದ್ದೆ. ನನ್ನ ಗಂಡ ನೈಜೆಲ್‌ಗೆ ಹೊಟ್ಟೆ ತುಂಬುತ್ತಾ ಬಂದಾಗ ಏನು ಕೇಳಿದರೂ ಒಪ್ಪುತ್ತಾನೆ.

"ಮಾವ ಆ ಚಳೀಲಿ ಕೂತ್ಕೊಳ್ಳೋದು ನಂಗೆ ನೋಡೋಕಾಗಲ್ಲ ನೈಜೆಲ್. ಹೋದ ಚಳಿಗಾಲ ಎರಡು ಸಲ ಎದೆ ಕಟ್ಟಿತು ಅವ್ರಿಗೆ."

"ಕಂಬಳಿ ಇದ್ಯಲ್ಲ," ಅಂದರು ಮಾವ.

"ಕಂಬಳಿ ಮಾಡಿನ ಹಾಗಾಗುತ್ತಾ ಮಾವ?"

"ಖರ್ಚೆಷ್ಟು?" ಅಂದ ನೈಜೆಲ್.

ಹೇಳಿದೆ. ಅವನು ಫೋರ್ಕು ಕೆಳಗಿಟ್ಟ. "ಅಷ್ಟು ದುಡ್ಡಿಗೆ ಸ್ಪೇನಿಗೆ ಹೋಗಿ ಒಂದು ತಿಂಗಳು ಬೆಚ್ಚಗಿರಬಹುದು ಕಣೇ."

"ಅಪ್ಪನ್ನ ಇಲ್ಲೇ ಬಿಟ್ಟು ಹೋಗ್ತೀಯಾ?"

ಅವನು ಮತ್ತೆ ಫೋರ್ಕು ಕೈಗೆತ್ತಿಕೊಂಡ. ಹಾಗೆ ಕೇಳಿದರೆ ಸೋಲುತ್ತಾನೆ ಎಂದು ಗೊತ್ತಿದ್ದೇ ಕೇಳಿದೆ. ಮಾವ ತಟ್ಟೆಯನ್ನೇ ನೋಡುತ್ತಾ, "ನನಗೆ ಹೇಗಾದ್ರೂ ಸರಿನಮ್ಮ. ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ," ಅಂದರು. ನಾನು ಅದನ್ನು ಒಪ್ಪಿಗೆ ಎಂದು ಎತ್ತಿಟ್ಟುಕೊಂಡೆ. ನಮ್ಮಲ್ಲಿ ಆ ಮಾತಿಗೆ ಹತ್ತು ಅರ್ಥವಿದೆ, ನನಗೆ ಬೇಕಾದ ಒಂದನ್ನು ಆರಿಸಿಕೊಂಡೆ.

ಜುಲೈನಲ್ಲಿ ಕಂಪನಿಯವನು ಅಳತೆಗೆ ಬಂದ. ಹಸನ್ಮುಖಿ ಹುಡುಗ, ಬಿಸ್ಕತ್ತು ಕೊಟ್ಟರೆ ಬೇಡ ಅನ್ನದೆ ನಾಲ್ಕು ತಿಂದ. ಮೇಲೆ ಹಗುರವಾದ ಹೆಂಚು, ನಡುವೆ ಅಂಗೈ ಅಗಲದಷ್ಟು ದಪ್ಪನೆಯ, ಶಾಖ ತಡೆಯುವ ಹಲಗೆ, ಕೆಳಗೆ ಬಿಳಿ ಗಾರೆ ಎಂದು ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸಿದ. ಕೊನೆಗೆ ಕಾಗದ ತಿರುಗಿಸಿ ಕೇಳಿದ: "ಮಾಡಿನಲ್ಲಿ ಕಿಟಕಿ ಬೇಕಾ ಮೇಡಂ? ಒಂದು ಇಡಬಹುದು, ಎರಡು ಇಡಬಹುದು. ಬೆಳಕು ಬರುತ್ತೆ."

ಮೂಲೆಯಿಂದ ಮಾವ ಕೆಮ್ಮಿದರು. "ಒಂದು ಚಿಕ್ಕದು ಇದ್ರೆ ಚೆನ್ನಾಗಿರುತ್ತೇನೋ. ನಾನು ಸುಮ್ನೆ ಅಂದೆ."

ನಾನು ಆಗಲೇ ಒಂದು ದೀಪ ಗುರುತು ಮಾಡಿಟ್ಟಿದ್ದೆ, ಹಿತ್ತಾಳೆಯದು, ಮೇಜಿನ ನೆತ್ತಿಯ ಮೇಲೆ ಇಳಿಬಿಡುವಂಥದ್ದು. ಕಿಟಕಿ ಬಂದರೆ ಅದಕ್ಕೆ ಜಾಗ ಇರುತ್ತಿರಲಿಲ್ಲ.

"ಗಾಜು ಬೇಡ ಅಂತ ತಾನೇ ಇಷ್ಟೆಲ್ಲಾ ಮಾಡ್ತಿರೋದು ಮಾವ," ಎಂದು ನಕ್ಕೆ. ಹುಡುಗನೂ ನಕ್ಕ. ಮಾವನೂ ನಕ್ಕರು. "ಅದೂ ನಿಜ," ಅಂದರು. ಹುಡುಗ ಕಿಟಕಿಯ ಮುಂದೆ ಸೊನ್ನೆ ಬರೆದುಕೊಂಡ.

ಸೆಪ್ಟೆಂಬರಿನಲ್ಲಿ ಮೂರೇ ದಿನದಲ್ಲಿ ಕೆಲಸ ಮುಗಿಯಿತು. ಗಾಜಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಲಾರಿಗೆ ಹಾಕುವಾಗ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಕೆಲಸದವರಿಗೆ ಎರಡು ಗಂಟೆಗೊಮ್ಮೆ ಟೀ ಮಾಡಿ ಕೊಟ್ಟವರೂ ಅವರೇ. ಗಾರೆ ಒಣಗಿದ ದಿನ ಒಳಗೆ ಕಾಲಿಟ್ಟೆ. ಎಷ್ಟು ಬೆಚ್ಚಗೆ, ಎಷ್ಟು ಸದ್ದಿಲ್ಲದೆ ಇತ್ತು! ಖುಷಿಗೆ ನನಗೆ ಕಣ್ಣಲ್ಲಿ ನೀರೇ ಬಂತು.

"ಹೇಗಿದೆ ಮಾವ?"

"ರಾಜನ ಹಾಗೆ ಕೂತಿದೀನಿ," ಅಂದರು.

"ಸ್ವಲ್ಪ ಕತ್ತಲು ಅನ್ಸಲ್ವಾ?" ಅಂದಳು ಬೆತ್.

"ದೀಪ ಇದ್ಯಲ್ಲ," ಅಂದೆ. ಹಿತ್ತಾಳೆಯ ದೀಪಕ್ಕೆ ನಾನು ಹಾಕಿದ್ದು ಹಳದಿ ಬಲ್ಬು. ಅದರ ಬೆಳಕಲ್ಲಿ ಊಟದ ತಟ್ಟೆ ಚೆಂದ ಕಾಣುತ್ತದೆ, ಪೇಪರಿನ ಅಕ್ಷರ ಮಾತ್ರ ಇರುವೆ ಸಾಲಿನ ಹಾಗಿರುತ್ತದೆ.

ಅಕ್ಟೋಬರಿನಿಂದ ಸಂಜೆಯ ಊಟದ ಹೊತ್ತಿನಲ್ಲಿ ಮಾವನ ಬೇಟೆ ನಿಂತಿತು. ನೈಜೆಲ್ ಒಂದೆರಡು ಸಲ ಕೆಣಕಿದ.

"ಏನಪ್ಪ, ಇವತ್ತು ಎಷ್ಟು ತಪ್ಪು?"

"ಒಂದೂ ಇಲ್ಲ ಕಣೋ. ಈಚೆಗೆ ಪೇಪರಿನೋರು ಸುಧಾರಿಸಿದ್ದಾರೆ."

ನಾವು ನಕ್ಕೆವು. ಮಾವ ಬೆಳಿಗ್ಗೆ ಹತ್ತಕ್ಕೆ ಮೊದಲಿನಂತೆಯೇ ಪೇಪರು ಹಿಡಿದು ಕೂರುತ್ತಿದ್ದರು, ಗಂಟೆಗೊಮ್ಮೆ ಪುಟವನ್ನೂ ತಿರುಗಿಸುತ್ತಿದ್ದರು. ಕೆಂಪು ಪೆನ್ಸಿಲ್ ಮಾತ್ರ ಕಿವಿಯ ಹಿಂದಿನಿಂದ ಕೆಳಗಿಳಿಯುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಆಲೂಗಡ್ಡೆ ಸುಲಿಯುವುದು, ಊಟವಾದ ಮೇಲೆ ಪಾತ್ರೆ ತೊಳೆಯುವುದು ಮಾವನ ಕೆಲಸ, ಅವರೇ ಹಟ ಹಿಡಿದು ತೆಗೆದುಕೊಂಡದ್ದು. ನವೆಂಬರ್ ಹೊತ್ತಿಗೆ ಆಲೂಗಡ್ಡೆಯಲ್ಲಿ ಸಿಪ್ಪೆ ಉಳಿಯತೊಡಗಿತು. ತೊಳೆದಿಟ್ಟ ತಟ್ಟೆಯ ಅಂಚಿನಲ್ಲಿ ಮೊಟ್ಟೆಯ ಹಳದಿ ಒಣಗಿರುತ್ತಿತ್ತು. ಮಾಡಿನ ವಿಷಯಕ್ಕೆ ಸಿಟ್ಟಿರಬೇಕು, ಬಾಯಿಬಿಟ್ಟು ಹೇಳದೆ ಹೀಗೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ.

"ನಿಮ್ಮಪ್ಪ ಬೇಕೂಂತಲೇ ಮಾಡ್ತಿದ್ದಾರೆ," ಎಂದು ನೈಜೆಲ್ ಹತ್ತಿರ ಅಂದೆ.

"ಬಿಡೇ, ವಯಸ್ಸಾಯ್ತು."

"ಜೂನಿನಲ್ಲಿ ಆಗದ ವಯಸ್ಸು ನವೆಂಬರಿನಲ್ಲಿ ಆಯ್ತಾ? ಅವ್ರಿಗೋಸ್ಕರ ಇಷ್ಟು ಮಾಡಿದೀವಿ, ಒಂದು ಒಳ್ಳೆ ಮಾತಿಲ್ಲ, ಮುಖ ಊದಿಸ್ಕೊಂಡು ಕೂತಿರ್ತಾರೆ."

"ನೀನೇ ಕೇಳು ಹಾಗಾದ್ರೆ."

"ನಾನ್ಯಾಕೆ ಕೇಳ್ಲಿ? ನಿಮ್ಮಪ್ಪ."

ಹೀಗೆ ಇಬ್ಬರೂ ಕೇಳಲಿಲ್ಲ. ನಾನು ಕೇಳುವ ಬದಲು ಅವರು ತೊಳೆದಿಟ್ಟದ್ದನ್ನು ಮತ್ತೆ ತೊಳೆದೆ. ಸುಮ್ಮನೆ ತೊಳೆದಿದ್ದರೆ ಆಗುತ್ತಿತ್ತು, ಪಕ್ಕದ ಕೋಣೆಗೆ ಕೇಳಿಸಲಿ ಎಂದು ತಟ್ಟೆಗೆ ತಟ್ಟೆ ತಾಗಿಸಿ ತೊಳೆದೆ. ಒಂದು ಬುಧವಾರ ಮಾವ ಗ್ರೇವಿಯನ್ನು ತಟ್ಟೆಯ ಹೊರಗೆ, ಹೊಸ ಮೇಜಿನ ಬಟ್ಟೆಯ ಮೇಲೆ ಹುಯ್ದರು. ಬಾಯಿ ತಡೆಯದೆ ಅಂದುಬಿಟ್ಟೆ:

"ಮಾಡು ಇಷ್ಟ ಆಗ್ಲಿಲ್ಲ ಅಂದ್ರೆ ನೇರವಾಗಿ ಹೇಳಿ ಮಾವ. ಮೇಜಿನ ಬಟ್ಟೆ ಮೇಲೆ ಯಾಕೆ ತೋರಿಸ್ತೀರಿ?"

ಅವರು ತಮ್ಮ ಕರವಸ್ತ್ರ ತೆಗೆದು ಒರೆಸತೊಡಗಿದರು. ಕಲೆ ಬಿದ್ದದ್ದು ಒಂದು ಕಡೆ, ಒರೆಸುತ್ತಿದ್ದದ್ದು ಇನ್ನೊಂದು ಕಡೆ. ನಾನು ಅದನ್ನೂ ನೋಡಿದೆ, ಅದನ್ನೂ ಕೊಬ್ಬು ಎಂದೇ ತಿಳಿದೆ. "ತಪ್ಪಾಯ್ತಮ್ಮ," ಅಂದರು. ಬೆತ್ ಎದ್ದು ಅವರ ಕೈಯಿಂದ ಕರವಸ್ತ್ರ ಕಿತ್ತುಕೊಂಡು ತಾನೇ ಒರೆಸಿ, ನನ್ನ ಕಡೆ ಒಂದು ನೋಟ ಬಿಸಾಡಿ ಮಹಡಿಗೆ ಹೋದಳು. ಮೂರು ದಿನ ನನ್ನ ಜತೆ ಮಾತಾಡಲಿಲ್ಲ.

ಕ್ರಿಸ್‌ಮಸ್ ಬಂತು. ನಾನು ಬೆಳಿಗ್ಗೆ ಐದಕ್ಕೇ ಎದ್ದು ಟರ್ಕಿ ಕೋಳಿಯನ್ನು ಒಲೆಗೆ ಹಾಕಿದೆ. ಹನ್ನೊಂದು ಕುರ್ಚಿ, ಅದರಲ್ಲಿ ನಾಲ್ಕು ಪಕ್ಕದ ಮನೆಯದು. ಒಂದು ಗಂಟೆಗೆ ಅಕ್ಕ ಜಾನಿಸ್, ಭಾವ ರಸೆಲ್, ಅವರ ಮಕ್ಕಳು ಮೊಮ್ಮಕ್ಕಳು ಬಂದರು. ಅಕ್ಕ ಕೋಟು ತೆಗೆದು, ಸುತ್ತ ನೋಡಿ, ಕಾರ್ಡಿಗನ್ನನ್ನೂ ತೆಗೆದಳು. "ಎಷ್ಟು ಬೆಚ್ಚಗಿದೆಯೇ!" ಅಂದಳು. ಇಪ್ಪತ್ತಾರು ವರ್ಷ ಕಾದಿದ್ದೆ ಆ ಮಾತಿಗೆ. ಹಳದಿ ದೀಪ, ಮೇಣದ ಬತ್ತಿ, ಹುರಿದ ಆಲೂಗಡ್ಡೆ, ಹಂದಿಮಾಂಸ ಸುತ್ತಿದ ಸಣ್ಣ ಸಾಸೇಜುಗಳು. ಯಾವುದೂ ಸೀದಿರಲಿಲ್ಲ, ಯಾವುದೂ ಕಡಿಮೆ ಬೀಳಲಿಲ್ಲ.

ತಿಂದಾದ ಮೇಲೆ ಅಕ್ಕ ಲೋಟ ಎತ್ತಿದಳು. "ನಮ್ಮ ಲೊರೇನ್‌ಗೆ! ಮಾವ ಬೆಚ್ಚಗಿರ್ಲಿ ಅಂತ ಮನೆ ಮಾಡನ್ನೇ ಬದಲಾಯಿಸೋ ಸೊಸೆ ಎಲ್ಲಿ ಸಿಗ್ತಾಳೆ ಹೇಳಿ?"

"ಎಲ್ಲೂ ಸಿಗಲ್ಲ," ಎಂದು ಮಾವ ತಾವೂ ಲೋಟ ಎತ್ತಿದರು. ನಾನೂ ನಾಚಿಕೊಂಡವಳ ಹಾಗೆ ಮುಖ ಮಾಡಿ ಕುಡಿದೆ.

ಆಮೇಲೆ ಕ್ರ್ಯಾಕರ್ ಎಳೆದೆವು. ಒಬ್ಬೊಬ್ಬರೂ ಪಕ್ಕದವರ ಜತೆ ಒಂದೊಂದು ತುದಿ ಹಿಡಿದು ಎಳೆದರೆ ಕಾಗದದ ಕೊಳವೆ ಪಟ್ಟೆಂದು ಹರಿದು ಬಣ್ಣದ ಕಾಗದದ ಕಿರೀಟ, ಕೆಲಸಕ್ಕೆ ಬಾರದ ಒಂದು ಆಟಿಕೆ, ಒಂದು ಜೋಕಿನ ಚೀಟಿ ಮೇಜಿನ ಮೇಲೆ ಬೀಳುತ್ತವೆ. ಕಿರೀಟ ಹಾಕಿಕೊಂಡು ಎಲ್ಲರೂ ತಮ್ಮ ತಮ್ಮ ಜೋಕು ಓದಲೇಬೇಕು, ಅದು ಎಷ್ಟೇ ಸಪ್ಪೆಯಿದ್ದರೂ ಉಳಿದವರು ನರಳಲೇಬೇಕು. ನಮ್ಮಲ್ಲಿ ಯಾರಿಗೂ ಇದರಿಂದ ವಿನಾಯಿತಿ ಇಲ್ಲ.

ಸರದಿ ಮಾವನಿಗೆ ಬಂತು. ಹಸಿರು ಕಿರೀಟ ಹುಬ್ಬಿನವರೆಗೆ ಜಾರಿತ್ತು. ಚೀಟಿಯನ್ನು ಎರಡು ಕೈಯಲ್ಲೂ ಹಿಡಿದು, ತಲೆಯನ್ನು ಸ್ವಲ್ಪ ಓರೆ ಮಾಡಿ, ಗಂಟಲು ಸರಿಮಾಡಿಕೊಂಡರು.

"ಅಚ್ಚುಕೂಟದವನ ಹೆಂಡ್ತಿ ಯಾಕೆ ಬಿಟ್ಟುಹೋದ್ಲು? ಅವನು ಅವಳ ಮಾತಿಗೊಂದು ತಪ್ಪು ಹುಡುಕ್ದ. ಅವಳು ಒಂದೇ ತಪ್ಪು ಹುಡುಕಿದ್ಲು. ಅವನನ್ನ!"

ಎಲ್ಲರೂ ಗೊಳ್ಳೆಂದರು. ರಸೆಲ್ ಮೇಜು ಕುಟ್ಟಿದ. ನಾನು ಮಾವನ ಎದುರಿಗೇ ಕೂತಿದ್ದೆ. ಚೀಟಿಯ ಅಚ್ಚಾದ ಮಗ್ಗುಲು ನನ್ನ ಕಡೆಗಿತ್ತು. ಅದರಲ್ಲಿದ್ದದ್ದು ಒಂದು ಹಿಮದ ಬೊಂಬೆಯ ಜೋಕು. ಮಾವನ ಕಡೆಗಿದ್ದದ್ದು ಬರೀ ಬಿಳಿ ಕಾಗದ. ಆ ಬಿಳಿ ಕಾಗದದ ಮೇಲೆ ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಅವರು ಕಣ್ಣೋಡಿಸಿದ್ದನ್ನು ನಾನು ನೋಡಿದೆ.

ಸುಧಾರಿಸಿದ ಪೇಪರಿನವರು, ಆಲೂಗಡ್ಡೆಯ ಸಿಪ್ಪೆ, ಬೇರೆಲ್ಲೋ ಒರೆಸುತ್ತಿದ್ದ ಕರವಸ್ತ್ರ, ಎಲ್ಲಾ ಒಟ್ಟಿಗೇ ಬಂದು ನನ್ನೆದುರು ಕೂತವು. ಅವರಿಗೆ ಕಾಣುತ್ತಿಲ್ಲ. ಕಾಣದವರನ್ನು ನಾನು ಎರಡು ತಿಂಗಳು ಬೈದಿದ್ದೇನೆ. ಪುಡ್ಡಿಂಗ್ ತರುತ್ತೇನೆಂದು ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ನಿಂತೆ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಬೆತ್ ಪಾತ್ರೆ ಒರೆಸುತ್ತಿದ್ದಳು.

"ಅಜ್ಜಂಗೆ ಕಣ್ಣು..." ಅಂದೆ.

"ಈಗ ಗೊತ್ತಾಯ್ತಾ?"

"ನಿಂಗೆ ಯಾವಾಗಿಂದ ಗೊತ್ತು?"

"ಗ್ರೇವಿ ಚೆಲ್ಲಿದ ದಿನದಿಂದ. ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡ್ರು. ಕಾಲೇಜಿಗೆ ಹೋಗೋ ಮುಂಚೆ ಅವ್ರಿಗೆ ಒಂದೆರಡು ಸುದ್ದಿ ಓದಿ ಹೇಳಿ ಹೋಗ್ತೀನಿ, ದಪ್ಪಕ್ಷರ ಕಾಣುತ್ತೆ ಅಂತಾರೆ. ಕಾಣಲ್ಲ." ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. "ಅಮ್ಮ, ನೀನು ಮತ್ತೆ ಪಾತ್ರೆ ತೊಳೀತಿದ್ಯಲ್ಲ, ಅದು ಅವ್ರಿಗೆ ಚೆನ್ನಾಗಿ ಕೇಳ್ತಿತ್ತು. ಕಿವಿಗೇನಾಗಿಲ್ಲ."

ಮಾರನೆಯ ದಿನ ಬೆಳಿಗ್ಗೆ ತಣ್ಣನೆಯ ಟರ್ಕಿಯ ಸ್ಯಾಂಡ್‌ವಿಚ್ ಮಾಡಿ ಮಾವನ ಹತ್ತಿರ ತೆಗೆದುಕೊಂಡು ಹೋದೆ. ಉದ್ದನೆಯ ಮೇಜಿನಿಂದಾಗಿ ಅವರ ಬೆತ್ತದ ಕುರ್ಚಿ ಗೋಡೆಗೆ ಅಂಟಿಕೊಂಡಿತ್ತು. ನಾನು ಪಕ್ಕದಲ್ಲಿ ಕೂತೆ.

"ಮಾವ, ಕಣ್ಣಿನ ವಿಷಯ ಗೊತ್ತಾಯ್ತು ನಂಗೆ."

"ಆ ಹುಡುಗಿ ಬಾಯಿ ಬಿಟ್ಲಾ?"

"ಅವಳಲ್ಲ. ನಾನೇ ನೋಡ್ದೆ. ಮಾವ, ಮಾಡು ಮಾಡಿಸಿದ್ದು ನಿಮಗೋಸ್ಕರ ಅಲ್ಲ."

ಅವರು ಸ್ಯಾಂಡ್‌ವಿಚ್ಚನ್ನು ಕೈಯಿಂದ ತಡವಿ, ಅರ್ಧ ಮುರಿದು ನನಗೆ ಕೊಟ್ಟರು. "ಗೊತ್ತು ಕಣಮ್ಮ. ಆ ಕಂಪನಿ ಹುಡುಗ ಅಳತೆ ತಗೊಳ್ಳೋ ಮುಂಚೇನೇ ನೀನು ಟೇಪ್ ಹಿಡ್ಕೊಂಡು ಬಂದು ಮೇಜು ಎಲ್ಲಿ ಬರುತ್ತೆ ಅಂತ ಅಳೀತಿದ್ದೆ. ನಾನು ನಿದ್ದೆ ಮಾಡ್ತಿದೀನಿ ಅಂದ್ಕೊಂಡಿದ್ದೆ ನೀನು. ಆಗ ನಂಗೆ ಕಾಣ್ತಿತ್ತು."

"ಹಾಗಿದ್ರೆ ಯಾಕೆ ಬೇಡ ಅನ್ಲಿಲ್ಲ?"

"ಮನೆ ನಿಮ್ದು. ಒಂದ್ಸಲ ಕೇಳ್ದೆ. ಎರಡನೇ ಸಲ ಕೇಳಿದ್ರೆ ಕಾಟ ಕೊಟ್ಟ ಹಾಗಾಗುತ್ತೆ."

ನಾನು ಅತ್ತೆ. ಅವರಿಗೆ ಅಳುವವರನ್ನು ಕಂಡರೆ ಆಗುವುದಿಲ್ಲ. "ಟರ್ಕಿ ಒಣಗಿಲ್ಲ, ಚೆನ್ನಾಗಿದೆ," ಅಂದರು, ನನ್ನ ಕಡೆ ನೋಡದೆ. ಕಿಟಕಿ ಕೊರೆಸುತ್ತೇನೆ ಅಂದೆ. ಕಂಪನಿಯವರು ಹೊಸ ವರ್ಷ ಕಳೆದ ಮೇಲೇ ಬಾಗಿಲು ತೆಗೆಯುವುದು, ಅವರು ಬಂದು ಹೆಂಚು ತೆಗೆದು ಗಾಜು ಕೂರಿಸುವ ಹೊತ್ತಿಗೆ ಮಾರ್ಚ್ ಆಗುತ್ತದೆ. "ಮಾರ್ಚಿಗೆ ನನ್ನ ಕಣ್ಣು ಎಷ್ಟು ಉಳಿದಿರುತ್ತೋ ನೋಡೋಣ," ಅಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನ ನಾನೇ ಅಕ್ಕನಿಗೆ ಫೋನು ಮಾಡಿದೆ. ಎಲ್ಲರಿಗೂ ಹೇಳಬೇಕಾದ್ದನ್ನು ಮೊದಲು ಅವಳಿಗೇ ಹೇಳಬೇಕೆಂದು ನಿರ್ಧಾರ ಮಾಡಿಕೊಂಡಿದ್ದೆ, ಏಕೆಂದರೆ ಅವಳಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟ.

"ಜಾನಿಸ್, ನಿನ್ನೆ ನೀನು ನನ್ನ ಹೊಗಳಿದ್ಯಲ್ಲ, ಅದೆಲ್ಲ ಸುಳ್ಳು. ಮಾವಂಗೆ ಕಣ್ಣು ಹೋಗ್ತಿದೆ. ಅವ್ರಿಗೆ ಮೇಲಿನ ಬೆಳಕು ಬೇಕಿತ್ತು. ಕಿಟಕಿ ಬೇಡ ಅಂದೋಳು ನಾನು."

ಅಕ್ಕ ಆ ಕಡೆ ಟಿವಿಯ ಸದ್ದು ತಗ್ಗಿಸಿದಳು.

"ಏನೇ ಹೇಳ್ತಿದ್ಯಾ? ನಿನ್ನೆ ಹೊರಡೋವಾಗ ರಸೆಲ್ ನಿಮ್ಮ ಮಾವನ್ನೇ ಕೇಳಿದ್ನಲ್ಲ. ಇಷ್ಟೊಳ್ಳೆ ಮಾಡು ಮಾಡ್ಸಿ ಒಂದು ಕಿಟಕಿ ಬಿಡೋ ಬುದ್ಧಿ ಯಾರಿಗೂ ಬರ್ಲಿಲ್ವಾ ಅಂತ. ನಿನಗೆ ಅವರು ಹೇಳ್ಲೇ ಇಲ್ವಾ?"

"ಏನಂದ್ರು?"

"ನಂದೇ ತಪ್ಪು ಕಣಪ್ಪ ಅಂದ್ರು. ಲೊರೇನ್ ಎರಡು ಕಿಟಕಿ ಇಡ್ಸೋಣ ಅಂತ ಬಾಯಿ ಬಡ್ಕೊಂಡ್ಳು, ನಾನೇ ಹಟ ಮಾಡಿ ಬೇಡ ಅಂದೆ, ಅವಳನ್ನೇನೂ ಅನ್ಬೇಡಿ ಅಂದ್ರು."

ನಾನು ಗಾಜಿನ ಕೋಣೆಯ ಕಡೆ ತಿರುಗಿದೆ. ಬಾಗಿಲಿನಿಂದ ಮಾವನ ಬೆನ್ನು ಕಾಣುತ್ತಿತ್ತು. ಬೆತ್ ತನ್ನ ಓದುವ ದೀಪವನ್ನು ಮಹಡಿಯಿಂದ ತಂದು ಅವರ ಭುಜದ ಹತ್ತಿರ ಸಿಕ್ಕಿಸುತ್ತಿದ್ದಳು, ಅವರು ಬೇಡ ಬೇಡ ಅನ್ನುತ್ತಿದ್ದರು.

"ಲೊರೇನ್? ಇದ್ಯೇನೇ?"

"ಇದೀನಿ. ಅವರು ಹೇಳಿದ್ದು ನಿಜ ಅಲ್ಲ ಜಾನಿಸ್. ರಸೆಲ್‌ನೂ ಕರಿ, ಸ್ಪೀಕರ್ ಹಾಕು, ಮಕ್ಕಳಿದ್ರೆ ಅವರೂ ಬರ್ಲಿ," ಅಂದೆ. ಎಲ್ಲರೂ ಬಂದು ಕೂತ ಸದ್ದು ಕೇಳಿಸಿದ ಮೇಲೆ, ಜೂನ್ ತಿಂಗಳ ಆ ಭಾನುವಾರದಿಂದ ಶುರುಮಾಡಿ, ಒಂದನ್ನೂ ಬಿಡದೆ ಹೇಳತೊಡಗಿದೆ.